ಕಡೆಯ ಅಧ್ಯಾಯದ ಕ್ಷಮೆ

ಸುಮಾರು ಒಂಬತ್ತು ವರ್ಷ ನಾನು ಪ್ರೇಮಕಥೆಗಳನ್ನು ಬರೆದೆ. ದೊಡ್ಡ ಪತ್ರಿಕೆಗಳಿಗಲ್ಲ, ನಮ್ಮ ಕನ್ನಡ ಕ್ರೈಸ್ತ ಸಭೆಗಳಲ್ಲಿ ಮಾತ್ರ ಹಂಚುತ್ತಿದ್ದ ಒಂದು ತೆಳ್ಳನೆಯ ಮಾಸಪತ್ರಿಕೆಗೆ. ಮೊದಲ ಪುಟದಲ್ಲಿ ಪ್ರಸಂಗ, ಆಮೇಲೆ ಸತ್ಯವೇದದ ಪ್ರಶ್ನೋತ್ತರ, ಯಾವ ಊರಿನಲ್ಲಿ ಯಾರ ಮದುವೆಯಾಯಿತು, ಯಾರು ತೀರಿಕೊಂಡರು ಎಂಬ ಸುದ್ದಿ. ಕೊನೆಯ ಆರು ಪುಟ ನನ್ನ ಧಾರಾವಾಹಿ. ಹೆಸರಿನ ಜಾಗದಲ್ಲಿ ‘ಒಬ್ಬ ಸಹೋದರಿ’ ಎಂದು ಹಾಕುತ್ತಿದ್ದರು. ಹೆಸರು ಬೇಡ ಎಂದು ಕೇಳಿಕೊಂಡವಳು ನಾನೇ.

ನಾನು ಜಯನಗರದ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದೆ. ಅಪ್ಪ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದವರು, ನನಗೆ ಇಪ್ಪತ್ತು ತುಂಬುವ ಮೊದಲೇ ತೀರಿಹೋದರು. ಒಂಬತ್ತನೇ ಬ್ಲಾಕಿನಲ್ಲಿ, ಓನರ್ ಮನೆಯ ಹಿಂದಿನ ಎರಡು ಕೋಣೆಯಲ್ಲಿ ನಾನು, ಅಮ್ಮ, ನನಗಿಂತ ಏಳು ವರ್ಷ ಚಿಕ್ಕವಳಾದ ತಂಗಿ ಇದ್ದೆವು. ಆಗ ನಮ್ಮ ಬೀದಿಯ ಆಚೆಗೆ ಬರೀ ಖಾಲಿ ಸೈಟುಗಳು. ಅವುಗಳ ಆಚೆ ಹೊಲ, ಹೊಲದ ಆಚೆ ಸಾರಕ್ಕಿ ಎಂಬ ಹಳ್ಳಿ. ಸಾಯಂಕಾಲ ಎಮ್ಮೆಗಳು ಮನೆಗೆ ಹೋಗುವುದು ನಮ್ಮ ಕಿಟಕಿಯಿಂದಲೇ ಕಾಣುತ್ತಿತ್ತು.

ನನಗೆ ಇಪ್ಪತ್ತಾರು ವರ್ಷವಾದಾಗ ಮದುವೆ ಗೊತ್ತಾಯಿತು. ಹುಡುಗ ನಮ್ಮ ಸಭೆಯವನೇ. ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಭಾನುವಾರ ಕ್ವಯರ್‌ನಲ್ಲಿ ಹಾಡುತ್ತಿದ್ದ. ಹೆಚ್ಚು ಮಾತಿನವನಲ್ಲ, ಆದರೆ ನಕ್ಕರೆ ಮುಖವೆಲ್ಲ ನಗುತ್ತಿತ್ತು. ನಿಶ್ಚಿತಾರ್ಥವಾದ ಮೇಲೆ ಆರು ತಿಂಗಳು ಅವರು ಪ್ರತಿ ಭಾನುವಾರ ಆರಾಧನೆ ಮುಗಿಸಿ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ಅಮ್ಮ ಕೋಳಿಸಾರು ಮಾಡುತ್ತಿದ್ದಳು. ನಾನು ನಾಚಿಕೊಂಡು ಒಳಗೇ ಇರುತ್ತಿದ್ದೆ. ಬಡಿಸುವುದಕ್ಕೆ ತಂಗಿಯನ್ನು ಕಳಿಸುತ್ತಿದ್ದೆ. ಹೌದು, ನಾನೇ ಕಳಿಸುತ್ತಿದ್ದೆ.

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಸಭೆಯಲ್ಲಿ ಪ್ರಕಟಣೆ ಓದುತ್ತಾರೆ. ಇಂಥವನಿಗೂ ಇಂಥವಳಿಗೂ ಮದುವೆ, ಯಾರದಾದರೂ ತಕರಾರಿದ್ದರೆ ಹೇಳಬೇಕು ಅಂತ. ನಮ್ಮ ಹೆಸರನ್ನು ಎರಡು ಭಾನುವಾರ ಓದಿ ಆಗಿತ್ತು. ಅದಾದ ಬುಧವಾರ ಸಾಯಂಕಾಲ ಅವರು ಮನೆಗೆ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದವರು ಕೂರಲಿಲ್ಲ.

“ನನ್ನಿಂದ ತಪ್ಪಾಗಿದೆ,” ಅಂದರು ಅಮ್ಮನಿಗೆ. “ಈ ಮದುವೆ ನಾನು ಮಾಡ್ಕೊಳಕ್ಕಾಗಲ್ಲ. ಮನಸ್ಸಲ್ಲಿ ಇನ್ನೊಬ್ಬರನ್ನ ಇಟ್ಕೊಂಡು ದೇವರ ಮುಂದೆ ನಿಂತು ಸುಳ್ಳು ಹೇಳಕ್ಕೆ ನನಗೆ ಬರಲ್ಲ.”

ನಾನೇ ಕೇಳಿದೆ, “ಯಾರು?”

ಅವರು ತಲೆ ಎತ್ತಲಿಲ್ಲ. ಆದರೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಂಗಿ ಅಳುವುದಕ್ಕೆ ಶುರುಮಾಡಿದಳು. ನನಗೋಸ್ಕರ ಅಳುತ್ತಿದ್ದಾಳೆ ಅಂದುಕೊಂಡೆ. ಅವಳ ಹತ್ತಿರ ಹೋಗಿ ಭುಜದ ಮೇಲೆ ಕೈ ಇಟ್ಟೆ, ಸಮಾಧಾನ ಮಾಡುವುದಕ್ಕೆ. ಅವಳು ನನ್ನ ಕೈ ಹಿಡಿದುಕೊಂಡು “ಅಕ್ಕಾ, ಅಕ್ಕಾ” ಅಂತ ಕುಸಿದು ಕೂತಾಗಲೇ ನನಗೆ ಅರ್ಥವಾಗಿದ್ದು.

ಮೂರನೇ ಭಾನುವಾರ ನಾನು ಸಭೆಗೆ ಹೋದೆ. ಮನೆಯಲ್ಲಿ ಕೂತರೆ ಸೋತ ಹಾಗಾಗುತ್ತದೆ ಅನ್ನಿಸಿತು. ಪಾದ್ರಿ ಅಯ್ಯನವರು ಪ್ರಕಟಣೆ ಓದಿದರು. ಬೇರೆ ಯಾರೋ ಇಬ್ಬರ ಹೆಸರು ಬಂತು, ನಮ್ಮದು ಬರಲಿಲ್ಲ. ಮುಂದಿನ ಬೆಂಚುಗಳಲ್ಲಿ ಒಂದೊಂದೇ ತಲೆ ಹಿಂದಕ್ಕೆ ತಿರುಗಿತು.

ಎರಡು ತಿಂಗಳ ಮೇಲೆ ಅವರ ಹುಟ್ಟೂರಿನ ಸಭೆಯಲ್ಲಿ ಅವರಿಬ್ಬರ ಮದುವೆಯಾಯಿತು. ಅಮ್ಮ ಹೋಗಲೋ ಬೇಡವೋ ಅಂತ ಒದ್ದಾಡುತ್ತಿದ್ದಳು. “ಹೋಗು, ಅವಳೂ ನಿನ್ನ ಹೊಟ್ಟೇಲೇ ಹುಟ್ಟಿದವಳು,” ಅಂದೆ. ಒಳ್ಳೆಯವಳ ಹಾಗೆ ಮಾತಾಡುವುದು ನನಗೆ ಆಗಲೇ ಅಭ್ಯಾಸವಾಗಿತ್ತು. ಅಮ್ಮ ಬಸ್ ಹತ್ತಿದ ಮೇಲೆ ಇಡೀ ಮನೆಗೆ ನೀರು ಹಾಕಿ ತೊಳೆದೆ. ತಂಗಿ ಮಲಗುತ್ತಿದ್ದ ಚಾಪೆಯನ್ನು ಸುತ್ತಿ ಅಟ್ಟಕ್ಕೆ ಹಾಕಿದೆ.

ಆ ವರ್ಷವೇ ಪತ್ರಿಕೆಯ ಸಂಪಾದಕರು ನನ್ನನ್ನು ಬರೆಯಲು ಕೇಳಿದ್ದು. ಅವರು ರಿಟೈರಾದ ಹೈಸ್ಕೂಲು ಮೇಷ್ಟರು. ಮನೆಯ ಮುಂದಿನ ಕೋಣೆಯಲ್ಲೇ ಪತ್ರಿಕೆ ನಡೆಸುತ್ತಿದ್ದರು. ನನ್ನ ಕಥೆ ಅವರಿಗೂ ಗೊತ್ತಿತ್ತು, ಸಭೆಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ಹಿಂದೆ ಇಲ್ಲಿದ್ದ ಒಬ್ಬ ಮಿಷನರಿ ಅಮ್ಮನವರು ಬಿಟ್ಟುಹೋದ ಇಂಗ್ಲಿಷ್ ಕಾದಂಬರಿಗಳು ಅವರ ಬೀರುವಿನಲ್ಲಿ ಸಾಲಾಗಿದ್ದವು. ಒಂದಷ್ಟನ್ನು ನನ್ನ ಬ್ಯಾಗಿಗೆ ಹಾಕಿ, “ಓದಮ್ಮ. ಈ ಥರದ್ದು ಕನ್ನಡದಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಏನೂ ಇಲ್ಲ. ಓದಿ, ನಮ್ಮವರ ಕಥೆ ಬರಿ,” ಅಂದರು.

ಓದಿದೆ. ಎಲ್ಲದರಲ್ಲೂ ಹಿಮ ಬೀಳುವ ಊರುಗಳು, ಕುದುರೆಗಾಡಿಗಳು, ಒಂಟಿ ಟೀಚರಮ್ಮಂದಿರು. ಒಬ್ಬ ಒಳ್ಳೆಯ ಹುಡುಗಿ, ಅವಳಿಗೆ ಮೋಸ ಮಾಡಿದ ಒಬ್ಬ ಗಂಡಸು. ಅವನು ಕುಡಿಯುತ್ತಾನೆ, ಇಲ್ಲ ಊರು ಬಿಟ್ಟು ಹೋಗುತ್ತಾನೆ, ಇಲ್ಲ ಇನ್ನೊಬ್ಬಳನ್ನು ನೋಡುತ್ತಾನೆ. ಮುಕ್ಕಾಲು ಪುಸ್ತಕ ಅವಳ ಕಣ್ಣೀರು. ಆಮೇಲೆ ಅವನು ಮಂಡಿಯೂರಿ ದೇವರಿಗೆ ಒಪ್ಪಿಸಿಕೊಳ್ಳುತ್ತಾನೆ, ಅವಳ ಬಾಗಿಲಿಗೆ ಬರುತ್ತಾನೆ. ಕಡೆಯ ಅಧ್ಯಾಯದಲ್ಲಿ ಅವಳು ಬಾಗಿಲು ತೆಗೆಯುತ್ತಾಳೆ. ಅಲ್ಲಿಗೆ ಕೃಪೆ ಬಂತು, ಕ್ಷಮೆ ಬಂತು, ಮದುವೆಯ ಗಂಟೆಯೂ ಬಂತು. ಓದುವಾಗ ನನಗೆ ಒಳಗೊಳಗೇ ಕೋಪ ಬರುತ್ತಿತ್ತು. ಆದರೂ ಒಂದನ್ನೂ ಅರ್ಧಕ್ಕೆ ಬಿಡಲಿಲ್ಲ.

ಬರೆಯುವುದಕ್ಕೆ ಕೂತಾಗ ಅದೇ ಅಚ್ಚನ್ನು ನಮ್ಮ ಕಡೆಗೆ ತಂದೆ. ಹಿಮದ ಬದಲು ಮಾರ್ಗಶಿರದ ಮಂಜು, ಕುದುರೆಗಾಡಿಯ ಬದಲು ಸಿಟಿ ಬಸ್ಸು. ನನ್ನ ನಾಯಕಿಯರು ನರ್ಸುಗಳು, ಟೈಪಿಸ್ಟರು, ಭಾನುವಾರ ಶಾಲೆಯ ಟೀಚರುಗಳು. ಎಲ್ಲರೂ ಮೋಸಹೋದವರು, ಎಲ್ಲರೂ ಕ್ಷಮಿಸಿದವರು. ಕ್ಷಮಿಸುವ ದೃಶ್ಯ ಬರೆಯುವುದರಲ್ಲಿ ನನ್ನ ಕೈ ಪಳಗಿತು. ನಾಯಕಿ ಮೊದಲು ಕಿಟಕಿಯ ಕಡೆ ತಿರುಗಿ ಸುಮ್ಮನಿರಬೇಕು. ಆಮೇಲೆ ಅವಳಿಗೆ ಚಿಕ್ಕಂದಿನಲ್ಲಿ ಕಲಿತ ಪ್ರಾರ್ಥನೆ ನೆನಪಾಗಬೇಕು. ಆಮೇಲೆ ಒಂದು ಪುಟದ ಮಾತು. ಚಿಂತಾಮಣಿಯಿಂದ, ಚಾಮರಾಜನಗರದಿಂದ ಹೆಂಗಸರು ಕಾಗದ ಬರೆಯುತ್ತಿದ್ದರು. ನಿಮ್ಮ ಕಥೆ ಓದಿ ಅತ್ತೆಯನ್ನು ಕ್ಷಮಿಸಿದೆ ಅಂತ ಒಬ್ಬಾಕೆ, ಗಂಡನ ಮನೆಗೆ ವಾಪಸು ಬಂದೆ ಅಂತ ಇನ್ನೊಬ್ಬಾಕೆ. ಸಂಪಾದಕರು ಆ ಕಾಗದಗಳನ್ನು ದಾರ ಕಟ್ಟಿ ನನಗೆ ಕಳಿಸುತ್ತಿದ್ದರು.

ಆ ಕಾಲದಲ್ಲೇ ಭಾನುವಾರದ ಪ್ರಾರ್ಥನೆಯಲ್ಲಿ ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದಾಗ ನಾನು ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಅದು ಮುಗಿದ ಮೇಲೆ ಮತ್ತೆ ಎಲ್ಲರ ಜೊತೆ ಸೇರಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ನಿಂತ ಅಮ್ಮನಿಗೆ ಅದು ಗೊತ್ತಿತ್ತು. ಒಂದು ದಿನವೂ ಕೇಳಲಿಲ್ಲ.

ತಂಗಿ ಮತ್ತು ಅವಳ ಗಂಡ ಸಾರಕ್ಕಿಯಲ್ಲಿ ಮನೆ ಮಾಡಿದ್ದರು. ನಮ್ಮ ಮನೆಯಿಂದ ಹೊಲದ ದಾರಿಯಲ್ಲಿ ನಡೆದರೆ ಅರ್ಧ ಗಂಟೆ. ಆ ಅರ್ಧ ಗಂಟೆಯ ದಾರಿಯನ್ನು ನಾನು ಒಂಬತ್ತು ವರ್ಷ ನಡೆಯಲಿಲ್ಲ. ತರಕಾರಿಗೂ ಆ ಕಡೆ ಹೋಗುತ್ತಿರಲಿಲ್ಲ, ನಾಲ್ಕನೇ ಬ್ಲಾಕಿಗೆ ಹೋಗುತ್ತಿದ್ದೆ. ಅಮ್ಮ ವಾರಕ್ಕೊಂದು ಸಲ ಹೋಗಿಬರುತ್ತಿದ್ದಳು. ಬಂದು ನನ್ನ ಮುಂದೆ ಕೂತು ಹವಾಮಾನದ ಬಗ್ಗೆ, ಸಾರಕ್ಕಿ ಕೆರೆಯ ನೀರಿನ ಬಗ್ಗೆ ಮಾತಾಡುತ್ತಿದ್ದಳು. ಪ್ರತಿ ತಿಂಗಳು ಪತ್ರಿಕೆ ಬಂದು, ನಾವು ಓದಿದ ಮೇಲೆ ಅದು ಮನೆಯಲ್ಲಿ ಕಾಣುತ್ತಿರಲಿಲ್ಲ. ಎಲ್ಲಿಗೆ ಹೋಗುತ್ತಿದೆ ಅಂತ ನನಗೆ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದೆ.

ಅವಳ ಮದುವೆಯಾಗಿ ಮೂರು ವರ್ಷವಾದ ಮೇಲೆ ನಾನು ಇಬ್ಬರು ಅಕ್ಕತಂಗಿಯರ ಕಥೆ ಬರೆದೆ. ಯಾಕೆ ಬರೆದೆ ಅಂತ ಈಗಲೂ ಸರಿಯಾಗಿ ಹೇಳಲಾರೆ. ಕಥೆಯಲ್ಲಿ ಅಕ್ಕನಿಗೆ ಗೊತ್ತಾದ ಗಂಡನ್ನು ತಂಗಿ ಮದುವೆಯಾಗುತ್ತಾಳೆ. ಹತ್ತು ಕಂತು ನಡೆಯಿತು. ಕಡೆಯ ಕಂತಿನಲ್ಲಿ ತಂಗಿ ಬಾಗಿಲಿಗೆ ಬರುತ್ತಾಳೆ, ಅಕ್ಕ ಅವಳನ್ನು ಅಪ್ಪಿಕೊಂಡು ಎರಡು ಪುಟ ಮಾತಾಡುತ್ತಾಳೆ. ಸಂಪಾದಕರು ಅದನ್ನು ಓದಿ ಕಣ್ಣೊರೆಸಿಕೊಂಡು, “ದೇವರು ನಿನ್ನ ಗಾಯ ವಾಸಿ ಮಾಡಿದಾನಮ್ಮ,” ಅಂದರು. ನಾನು ತಲೆ ಬಗ್ಗಿಸಿ, “ಹೌದು ಸಾರ್,” ಅಂದೆ.

ಆ ಕಂತು ಅಚ್ಚಾಗಿ ಬಂದ ವಾರದ ಶನಿವಾರ ಮಧ್ಯಾಹ್ನ. ಅರ್ಧ ದಿನದ ಶಾಲೆ ಮುಗಿಸಿ ಬಂದು ಊಟ ಮಾಡಿ ಕೂತಿದ್ದೆ. ಅಮ್ಮ ಸ್ತ್ರೀಯರ ಕೂಟಕ್ಕೆ ಹೋಗಿದ್ದಳು. ಗೇಟಿನ ಸದ್ದಾಯಿತು. ಓನರ್ ಆಂಟಿ ಇರಬೇಕು ಅಂತ ಬಾಗಿಲು ತೆಗೆದರೆ ತಂಗಿ. ಬಿಸಿಲಲ್ಲಿ ನಡೆದು ಬಂದಿದ್ದಳು, ಮುಖ ಕೆಂಪಾಗಿತ್ತು. ಅಮ್ಮನ ಹಳೆಯ ಗಿಳಿಹಸಿರು ವಾಯಿಲ್ ಸೀರೆ ಉಟ್ಟಿದ್ದಳು. ಕೈಯಲ್ಲಿ ಪತ್ರಿಕೆ ಸುತ್ತಿ ಹಿಡಿದುಕೊಂಡಿದ್ದಳು.

“ಓದಿದೆ ಅಕ್ಕ,” ಅಂದಳು. ನಗುತ್ತಿದ್ದಳು, ಅಳುತ್ತಲೂ ಇದ್ದಳು. “ಬೆಳಗ್ಗಿಂದ ಮೂರು ಸಲ ಓದಿದೆ. ತಡೀಲಿಕ್ಕಾಗಲಿಲ್ಲ, ಬಂದ್ಬಿಟ್ಟೆ.”

“ಏನ್ ಓದಿದೆ?”

“ಕಡೇ ಅಧ್ಯಾಯ. ನನಗೇ ಅಂತ ಬರ್ದಿದ್ದು ಅಲ್ವಾ ಅಕ್ಕ?”

ನಾನು ಬಾಗಿಲಿನ ಎರಡೂ ಕಡೆ ಕೈ ಇಟ್ಟು ನಿಂತಿದ್ದೆ. ಕೈ ತೆಗೆಯಲಿಲ್ಲ.

“ಅದು ಕಥೆ ಕಣೆ,” ಅಂದೆ.

“ಆದ್ರೆ ನೀನೇ ತಾನೆ ಬರ್ದಿದ್ದು.”

“ಪತ್ರಿಕೆಯವರಿಗೆ ಹಾಗಿದ್ರೇನೇ ಬೇಕು. ಅದಕ್ಕೆ ಬರೀತೀನಿ. ಕಥೇಲಿ ಯಾರನ್ನ ಬೇಕಾದ್ರೂ ಕ್ಷಮಿಸ್ತೀನಿ. ನಿನ್ನ ಕ್ಷಮಿಸಿದೀನಿ ಅಂತ ಯಾರು ಹೇಳಿದ್ರು ನಿನಗೆ?”

ಅವಳ ಮುಖದ ಮೇಲಿನ ನಗು ಒಂದೇ ಸಲ ಹೋಗಲಿಲ್ಲ. ಏನು ಕೇಳಿಸಿತು ಅಂತ ತಿಳಿಯದವಳ ಹಾಗೆ ಸ್ವಲ್ಪ ಹೊತ್ತು ಹಾಗೇ ಉಳಿದಿತ್ತು. ಆಮೇಲೆ ಅವಳು ಪತ್ರಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಸೆರಗಿನಿಂದ ಕತ್ತು ಒರೆಸಿಕೊಂಡಳು.

“ಸ್ವಲ್ಪ ನೀರು ಕೊಡ್ತೀಯಾ ಅಕ್ಕ?”

ಒಳಗೆ ಹೋಗಿ ಲೋಟದಲ್ಲಿ ನೀರು ತಂದು ಕೊಟ್ಟೆ. ಒಳಗೆ ಬಾ ಅನ್ನಲಿಲ್ಲ. ಅವಳು ಮೆಟ್ಟಿಲ ಮೇಲೆ ನಿಂತೇ ಕುಡಿದಳು. ನಾನು ಲೋಟಕ್ಕೆ ಕೈ ಚಾಚಿಕೊಂಡು ಕಾದೆ. ಲೋಟ ಕೊಟ್ಟು, “ಬರ್ತೀನಿ ಅಕ್ಕ,” ಅಂತ ಹೇಳಿ ಹೋದಳು. ಗೇಟನ್ನು ಸದ್ದಾಗದ ಹಾಗೆ ಹಾಕಿದಳು.

ಮುಂದಿನ ವಾರ ಅಮ್ಮ ಸಾರಕ್ಕಿಗೆ ಹೋಗಿ ಬಂದು, ತುಂಬಾ ದಿನದ ಮೇಲೆ ಗೆಲುವಾಗಿ ಮಾತಾಡಿದಳು. “ಅವಳು ಬಂದಿದ್ಲಂತೆ, ನೀನು ನೀರು ಕೊಟ್ಟೆಯಂತೆ. ಅಕ್ಕ ನೀರು ಕೊಟ್ಟಳು ಅಂತ ಎಷ್ಟು ಸಂತೋಷವಾಗಿ ಹೇಳಿದಳು ಗೊತ್ತಾ.” ನಾನು ಹೇಳಿದ್ದೇನು ಅಂತ ಅವಳು ಅಮ್ಮನಿಗೆ ಹೇಳಿರಲೇ ಇಲ್ಲ. ಅಮ್ಮ ಇನ್ನೊಂದು ವಿಷಯವನ್ನೂ ಹೇಳಿದಳು. ತಂಗಿಗೆ ಮೂರು ತಿಂಗಳಾಗಿತ್ತು. ಅವತ್ತು ಅದನ್ನೇ ನನಗೆ ಹೇಳಬೇಕು ಅಂತಲೂ ಬಂದಿದ್ದಳು.

ಆ ಮಗು ಉಳಿಯಲಿಲ್ಲ. ಆ ತಿಂಗಳ ಕೊನೆಯಲ್ಲೇ ಹೋಯಿತು. ಡಾಕ್ಟರು ಇದಕ್ಕೆ ಕಾರಣ ಅಂತ ಏನೂ ಇರುವುದಿಲ್ಲ, ಆಗುತ್ತೆ ಅಂದರಂತೆ. ಸುದ್ದಿ ಕೇಳಿದ ಕ್ಷಣದಲ್ಲಿ ನನ್ನ ಮನಸ್ಸಿನಲ್ಲಿ ಏನಾಯಿತು ಅನ್ನುವುದನ್ನು ನಾನು ಯಾರಿಗೂ ಹೇಳಿಲ್ಲ, ಈಗ ಬರೆಯುತ್ತಿದ್ದೇನೆ. ಒಂದು ಸಣ್ಣ ತೃಪ್ತಿಯಾಯಿತು. ದೇವರು ನನ್ನ ಕಡೆ ಇದ್ದಾನೆ ಅನ್ನಿಸಿತು. ಒಂದು ಉಸಿರಿನಷ್ಟು ಹೊತ್ತು, ಅಷ್ಟೆ. ಅವಳಿಗೆ ಆಮೇಲೆ ಮಕ್ಕಳಾಗಲಿಲ್ಲ.

ಆಗಲಾದರೂ ಹೋಗಬಹುದಾಗಿತ್ತು. ನಾಚಿಕೆ ನನ್ನನ್ನು ಹೋಗಗೊಡಲಿಲ್ಲ. ಮೊದಲು ಕೋಪದಿಂದ ಹೋಗಲಿಲ್ಲ, ಈಗ ನಾಚಿಕೆಯಿಂದ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಂಡಿರಬೇಕು. ನಾನು ಬರೆಯುತ್ತಲೇ ಇದ್ದೆ. ಇನ್ನೂ ಮೂರು ಧಾರಾವಾಹಿ ಬಂದವು. ಓದುಗರಿಗೆ ವ್ಯತ್ಯಾಸ ತಿಳಿಯಲಿಲ್ಲ.

ನಾಲ್ಕು ವರ್ಷದ ಮೇಲೆ ಅಮ್ಮ ತೀರಿಕೊಂಡಳು. ಶವಪೆಟ್ಟಿಗೆಯ ಆ ಕಡೆ ತಂಗಿ, ಈ ಕಡೆ ನಾನು. ಅಮ್ಮನ ಕಾಲಿನ ಹತ್ತಿರ ಹೂವು ಜಾರಿತು, ಇಬ್ಬರೂ ಒಟ್ಟಿಗೆ ಕೈ ಚಾಚಿದೆವು. ಅವಳು ತನ್ನ ಕೈ ಹಿಂದಕ್ಕೆ ತೆಗೆದುಕೊಂಡು ನನಗೆ ಬಿಟ್ಟುಕೊಟ್ಟಳು. ಮಣ್ಣು ಹಾಕಿ ಬಂದ ಮೇಲೆ ಅವರಿಬ್ಬರೂ ಸಾರಕ್ಕಿಗೆ ಹೋದರು, ನಾನು ಒಬ್ಬಳೇ ಎರಡು ಕೋಣೆಗೆ ಬಂದೆ.

ಆಮೇಲೆ ಎರಡು ವರ್ಷ ಕಳೆದಿತ್ತು. ಒಂದು ದಿನ ಶಾಲೆ ಬಿಟ್ಟು ಹೊರಗೆ ಬಂದರೆ ಗೇಟಿನ ಎದುರು ಹೊಂಗೆ ಮರದ ಕೆಳಗೆ ಅವರು ನಿಂತಿದ್ದರು, ನನ್ನ ತಂಗಿಯ ಗಂಡ. ಕೂದಲು ಮುಕ್ಕಾಲು ಬೆಳ್ಳಗಾಗಿತ್ತು. ಸೈಕಲ್ಲು ಹಿಡಿದುಕೊಂಡಿದ್ದರು.

“ನಿಮ್ಮ ತಂಗಿಗೆ ಹುಷಾರಿಲ್ಲ,” ಅಂದರು. “ಹೊಟ್ಟೇಲಿ ಗಂಟು. ಆಪರೇಷನ್ ಮಾಡಿದ್ರು, ಉಪಯೋಗ ಆಗಲಿಲ್ಲ. ಮನೆಗೆ ಕರ್ಕೊಂಡು ಹೋಗಿ ಅಂದಿದಾರೆ.”

“ನನ್ನ ಕರೀತಿದಾಳಾ?”

“ಇಲ್ಲ. ಅವಳು ಏನೂ ಕೇಳಿಲ್ಲ. ನಾನಾಗೇ ಬಂದೆ.”

ಅವರು ಸೈಕಲ್ಲು ತಳ್ಳಿಕೊಂಡು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ಹೊಲದ ದಾರಿ ಈಗ ಇರಲಿಲ್ಲ. ಮನೆಗಳು ಎದ್ದಿದ್ದವು, ರಸ್ತೆಗೆ ಜಲ್ಲಿ ಹಾಕಿದ್ದರು. ಎಲ್ಲಿ ತಿರುಗಬೇಕು ಅನ್ನುವುದೂ ನನಗೆ ತಿಳಿಯುತ್ತಿರಲಿಲ್ಲ.

ತಂಗಿ ಮಂಚದ ಮೇಲೆ ದಿಂಬಿಗೆ ಒರಗಿಕೊಂಡಿದ್ದಳು. ಅವಳಿಗೆ ಆಗ ಇಪ್ಪತ್ತೆಂಟು ವರ್ಷ. ಅಮ್ಮನ ಕೊನೆಯ ದಿನಗಳ ಮುಖ ಅವಳಿಗೆ ಬಂದಿತ್ತು. ದಾರಿಯುದ್ದಕ್ಕೂ ನಾನು ಏನು ಹೇಳಬೇಕು ಅಂತ ಜೋಡಿಸಿಕೊಂಡು ಬಂದಿದ್ದೆ. ಕಥೆಗಳಲ್ಲಿ ನೂರು ಸಲ ಬರೆದವಳು ನಾನು. ಬಾಗಿಲಲ್ಲಿ ನಿಂತು ಬಾಯಿ ತೆಗೆದೆ. ಅವಳು ನನ್ನನ್ನು ನೋಡಿ, ನಿನ್ನೆ ತಾನೆ ಹೋಗಿ ಇವತ್ತು ಬಂದವಳಿಗೆ ಹೇಳುವ ಹಾಗೆ, “ಅಕ್ಕ, ಊಟ ಆಯ್ತಾ?” ಅಂದಳು. ಗಂಡನ ಕಡೆ ತಿರುಗಿ, “ಅಕ್ಕಂಗೆ ಸಕ್ಕರೆ ಕಮ್ಮಿ ಹಾಕಿ ಕಾಫಿ ಮಾಡ್ರಿ,” ಅಂದಳು.

ಅವತ್ತಿಂದ ಆರು ವಾರ ದಿನಾ ಸಾಯಂಕಾಲ ಶಾಲೆಯಿಂದ ನೇರ ಅಲ್ಲಿಗೆ ನಡೆದು ಹೋಗುತ್ತಿದ್ದೆ. ಅವಳಿಗೆ ಮೈ ಒರೆಸುತ್ತಿದ್ದೆ, ಗಂಜಿ ಕುಡಿಸುತ್ತಿದ್ದೆ. ಮಂಚದ ಕೆಳಗೆ ಒಂದು ಟ್ರಂಕಿನಲ್ಲಿ ಪತ್ರಿಕೆಯ ಎಲ್ಲಾ ಸಂಚಿಕೆಗಳಿದ್ದವು, ಒಂದೂ ತಪ್ಪದ ಹಾಗೆ. ಅಮ್ಮ ಹೋದ ಮೇಲೆ ಚಂದಾ ಕಟ್ಟಿ ತರಿಸಿಕೊಳ್ಳುತ್ತಿದ್ದಳಂತೆ. “ಓದಕ್ಕಾ,” ಅನ್ನುತ್ತಿದ್ದಳು. ನನ್ನ ಕಥೆಗಳನ್ನು ನಾನೇ ಅವಳಿಗೆ ಓದಿ ಹೇಳಬೇಕಾಯಿತು. ನರ್ಸು ನಾಯಕಿ ಬಸ್ಸು ತಪ್ಪಿಸಿಕೊಳ್ಳುವ ಜಾಗಗಳಲ್ಲಿ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ನಕ್ಕರೆ ನೋಯುತ್ತೆ ಅಂತ ಬೈಯುತ್ತಿದ್ದಳು.

ಒಂದು ದಿನ ಕಥೆಯೊಂದರ ಕೊನೆಯ ಕಂತಿಗೆ ಬಂದೆವು. ನಾನು ಪುಟ ತಿರುಗಿಸಿದೆ. ಅವಳು ಕೈ ಎತ್ತಿ ತಡೆದಳು.

“ಕಡೇದು ಬೇಡ ಅಕ್ಕ.”

“ಯಾಕೆ?”

“ಚೆನ್ನಾಗಿರಲ್ಲ. ಕ್ಷಮಿಸೋವಾಗ ಎಲ್ಲಾರೂ ತುಂಬಾ ಮಾತಾಡ್ತಾರೆ.”

ಪತ್ರಿಕೆ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡೆ. ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ ಅನ್ನಿಸಿತು. “ಅವತ್ತು ನೀನು ಬಿಸಿಲಲ್ಲಿ ಬಂದಿದ್ದಲ್ಲ,” ಅಂತ ಶುರುಮಾಡಿದೆ. “ಅವತ್ತು ನಾನು…”

“ಜಡೆ ಬಿಚ್ಚಿಹೋಗಿದೆ, ಹಾಕ್ತೀಯಾ?” ಅಂದಳು.

ಬಾಚಣಿಗೆ ತಗೊಂಡು ಅವಳ ಹಿಂದೆ ಕೂತೆ. ಚಿಕ್ಕವಳಿದ್ದಾಗ ಸ್ಕೂಲಿಗೆ ಕಳಿಸುವ ಮುಂಚೆ ನಾನೇ ಅವಳಿಗೆ ಎರಡು ಜಡೆ ಹಾಕುತ್ತಿದ್ದೆ. ಆಗ ಕೈಯಲ್ಲಿ ಹಿಡಿಯಲಾರದಷ್ಟು ಕೂದಲಿತ್ತು. ಈಗ ಬಾಚಿದ ಹಾಗೆಲ್ಲ ಉದುರಿ ಬರುತ್ತಿತ್ತು. ಅವಳಿಗೆ ಕಾಣದ ಹಾಗೆ ಉಂಡೆ ಮಾಡಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡೆ. ಅವಳು ಕಣ್ಣು ಮುಚ್ಚಿಕೊಂಡು ನನ್ನ ಮಂಡಿಗೆ ಒರಗಿದಳು. “ಹಗುರವಾಗಿದೆ,” ಅಂದಳು. ತಲೆ ಅಂತ ಹೇಳಿದಳೋ ಮನಸ್ಸು ಅಂತ ಹೇಳಿದಳೋ, ನಾನು ಕೇಳಲಿಲ್ಲ.

ಆಮೇಲೂ ಎರಡು ಸಲ ಹೇಳಲು ನೋಡಿದೆ. ಒಂದು ಸಲ ಕಿತ್ತಳೆ ಸುಲಿದು ಕೊಡು ಅಂದಳು. ಇನ್ನೊಂದು ಸಲ ನಿದ್ದೆ ಬಂದವಳ ಹಾಗೆ ಮಲಗಿದಳು. ನನ್ನ ಮಾತು ಅವಳಿಗೆ ಬೇಡವಾಗಿತ್ತೋ, ನಾನು ಬಾಯಿಬಿಟ್ಟು ಕೇಳಿಕೊಳ್ಳುವ ಕಷ್ಟ ನನಗೆ ಬೇಡ ಅಂದುಕೊಂಡಿದ್ದಳೋ. ತಪ್ಪು ಮಾಡಿದವಳು ಅವಳು, ಕ್ಷಮಿಸಬೇಕಾದವಳು ನಾನು ಅಂತ ಒಂಬತ್ತು ವರ್ಷ ನಂಬಿದ್ದೆ. ಆ ಮಂಚದ ಪಕ್ಕದಲ್ಲಿ ಕೂತಾಗ ಅದು ಯಾವಾಗ ತಿರುಗಿತೋ ತಿಳಿಯಲಿಲ್ಲ.

ಅವಳು ಹೋದ ದಿನ ನಮ್ಮ ಶಾಲೆಗೆ ಇನ್‌ಸ್ಪೆಕ್ಷನ್ ಇತ್ತು. ಹಿಂದಿನ ದಿನ, “ನಾಳೆ ಸ್ವಲ್ಪ ಲೇಟಾಗುತ್ತೆ,” ಅಂದಿದ್ದೆ. “ಪರವಾಗಿಲ್ಲ, ನಿಧಾನವಾಗಿ ಬಾ,” ಅಂದಿದ್ದಳು. ಐದು ಗಂಟೆಗೆ ಅವರ ಬೀದಿಗೆ ತಿರುಗಿದೆ. ಮನೆಯ ಮುಂದೆ ತುಂಬಾ ಚಪ್ಪಲಿಗಳಿದ್ದವು. ನಾನು ಅಲ್ಲೇ, ಪಕ್ಕದ ಮನೆಯ ಕಾಂಪೌಂಡ್ ಹಿಡಿದುಕೊಂಡು ನಿಂತುಬಿಟ್ಟೆ. ಮಧ್ಯಾಹ್ನ ಎರಡು ಗಂಟೆಗೇ ಹೋಗಿದ್ದಳು. ಶಾಲೆಗೆ ಹೇಳಿ ಕಳಿಸೋಣ ಅಂತ ಅವಳ ಗಂಡ ಬೆಳಗ್ಗೆ ಅಂದಾಗ ಅವಳೇ ಬೇಡ ಅಂದಳಂತೆ. “ಅಕ್ಕಂಗೆ ಇವತ್ತು ಕೆಲಸ ಇದೆ.”

ಮಣ್ಣು ಮಾಡಿ ಬಂದ ಮೇಲೆ ಹದಿನೈದು ದಿನ ನಾನು ಸರಿಯಾಗಿ ಅಳಲಿಲ್ಲ. ಶಾಲೆ ಬಿಟ್ಟ ತಕ್ಷಣ ಕಾಲು ತಾನಾಗಿ ಸಾರಕ್ಕಿಯ ಕಡೆ ತಿರುಗುತ್ತಿತ್ತು. ಅರ್ಧ ದಾರಿ ಹೋಗಿ ನೆನಪಾಗಿ ವಾಪಸು ಬರುತ್ತಿದ್ದೆ.

ಸಂಪಾದಕರು ಕ್ರಿಸ್ಮಸ್ ಸಂಚಿಕೆಗೆ ಕಥೆ ಕೇಳಿದರು. ಬರೆಯುವುದಕ್ಕೆ ಕೂತೆ. ನಾಯಕಿ ಕಿಟಕಿಯ ಕಡೆ ತಿರುಗಿ ನಿಲ್ಲುವವರೆಗೂ ಬಂತು, ಅಲ್ಲಿಂದ ಮುಂದೆ ಬರಲಿಲ್ಲ. ಅವಳ ಬಾಯಿಗೆ ಯಾವ ಮಾತು ಕೊಟ್ಟರೂ ಸುಳ್ಳಾಗಿ ಕೇಳಿಸುತ್ತಿತ್ತು. ಹರಿದು ಹಾಕಿ, ನಡೆದದ್ದನ್ನು ನಡೆದ ಹಾಗೆ ಬರೆದು ತಗೊಂಡು ಹೋಗಿ ಕೊಟ್ಟೆ. ನೀರಿನ ಲೋಟ, ಉಳಿಯದ ಮಗು, ಜಡೆ, ಎಲ್ಲಾ.

ಒಂದು ವಾರ ಬಿಟ್ಟು ಅವರೇ ಕೋಲೂರಿಕೊಂಡು ನಮ್ಮ ಮನೆಗೆ ಬಂದರು. ಕಾಗದದ ಕಟ್ಟನ್ನು ಮೇಜಿನ ಮೇಲಿಟ್ಟರು.

“ಇದನ್ನ ಹಾಕಕ್ಕಾಗಲ್ಲಮ್ಮ. ಓದೋರು ಕೇಳ್ತಾರೆ, ಇದರಲ್ಲಿ ಕ್ಷಮೆ ಎಲ್ಲಿದೆ ಅಂತ.”

“ಕ್ಷಮೆ ಇಲ್ಲಿದೆ ಅಂತ ಬೆಟ್ಟು ಮಾಡಿ ತೋರ್ಸಕ್ಕೆ ನನಗೂ ಆಗಲ್ಲ ಸಾರ್.”

ಅವರು ಕಾಗದದ ಕಟ್ಟನ್ನು ನನ್ನ ಕಡೆ ಸರಿಸಿದರು. ಆಮೇಲೆ, “ನೀನು ಆ ಕಥೆ ಬರ್ದಾಗ ನಿನ್ನ ಗಾಯ ವಾಸಿ ಆಯ್ತು ಅಂತ ನಾನು ಹೇಳಿದ್ದೆ. ಹಾಗೆ ಹೇಳಬಾರದಾಗಿತ್ತು. ಆಗಿದೆಯಾ ಅಂತ ಕೇಳಬೇಕಾಗಿತ್ತು,” ಅಂದರು. ಹೋಗುವಾಗ ಮೆಟ್ಟಿಲಿಳಿಯಲು ಕಷ್ಟಪಟ್ಟರು. ನಾನು ಗೇಟಿನವರೆಗೂ ಕೈ ಹಿಡಿದು ಬಿಟ್ಟುಬಂದೆ. ಆಮೇಲೆ ನಾನು ಪತ್ರಿಕೆಗೆ ಬರೆಯಲಿಲ್ಲ. ಅವರೂ ಕೇಳಲಿಲ್ಲ.

ಮರು ವರ್ಷ ತಂಗಿಯ ಗಂಡ ಕೆಲಸ ಬಿಟ್ಟು ತಮ್ಮ ಊರಿಗೆ ಹೊರಟರು. ಹೋಗುವ ಮುಂಚೆ ಒಂದು ಬೆಳಗ್ಗೆ ಬಂದರು. ಮದುವೆ ಬೇಡ ಅಂದು ಹೋದ ಆ ಬುಧವಾರದ ಮೇಲೆ ನಮ್ಮ ಮನೆಯೊಳಗೆ ಅವರು ಕಾಲಿಟ್ಟದ್ದು ಅವತ್ತೇ. ದೋಸೆ ಹಾಕಿ ಕೊಟ್ಟೆ, ನಾನೇ ಬಡಿಸಿದೆ. ಎರಡು ತಿಂದು ತಟ್ಟೆ ಪಕ್ಕಕ್ಕಿಟ್ಟು, “ನಾನು ನಿಮ್ಮನ್ನ ಒಂದು ಮಾತು ಕೇಳ್ಕೋಬೇಕು,” ಅಂದರು. ತಲೆ ತಗ್ಗಿಸಿಕೊಂಡು ಅತ್ತರು.

“ಆಯ್ತು,” ಅಂದೆ ನಾನು.

ಅಷ್ಟೇ ಬಂದದ್ದು. ಅದು ಕ್ಷಮೆಯೋ, ಸುಸ್ತೋ, ಇವರನ್ನೂ ಬಾಗಿಲಲ್ಲೇ ನಿಲ್ಲಿಸಿ ಕಳಿಸಿಬಿಡುತ್ತೇನೋ ಅನ್ನುವ ಭಯವೋ, ನನಗೆ ಗೊತ್ತಿಲ್ಲ. ಅವರು ಕಣ್ಣೊರೆಸಿಕೊಂಡರು. ಇನ್ನೊಂದು ದೋಸೆ ಹಾಕಿದೆ, ತಿಂದರು. ಬಸ್ಸಿಗೆ ಹೊತ್ತಾಗುತ್ತೆ ಅಂತ ಎದ್ದರು. ಅವರು ಬೀದಿಯ ತಿರುವು ದಾಟುವವರೆಗೂ ಗೇಟಿನಲ್ಲಿ ನಿಂತಿದ್ದೆ. ಒಳಗೆ ಬಂದು ಅವರು ತಿಂದ ತಟ್ಟೆಯನ್ನು ತೊಳೆಯುವಾಗ, ನಲ್ಲಿ ಬಿಟ್ಟುಕೊಂಡು, ತಂಗಿಯ ಹೆಸರು ಹಿಡಿದು ಗಟ್ಟಿಯಾಗಿ ಅತ್ತೆ. ಓನರ್ ಆಂಟಿ ಗೋಡೆಯ ಆ ಕಡೆಯಿಂದ, “ಏನಾಯ್ತಮ್ಮಾ?” ಅಂತ ಕೂಗಿ ಕೇಳಿದರು. ನಾನು ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟುಕೊಂಡೆ.